ಲಕೋಟೆಯೊಳಗಿನ ನಡೆ: ಜಪಾನಿನ ಗೋ ಪಟ್ಟದ ಪಂದ್ಯಗಳ ಬಗ್ಗೆ ಓದುಗರ ಪ್ರಶ್ನೆಗಳು

ಎರಡು ದಿನ ಒಂದೇ ಆಟ, ನಡುವೆ ಒಂದು ರಾತ್ರಿ, ಮೊಹರು ಮಾಡಿದ ಒಂದು ಲಕೋಟೆ. ಜಪಾನಿನ ಗೋ ಪಟ್ಟದ ಪಂದ್ಯಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಈ ಮೂರರ ಸುತ್ತಲೇ ಇವೆ. ಹಾಗಾಗಿ ಈ ಸಲದ ಪ್ರಶ್ನೋತ್ತರವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ನಮಗೆ ಚದುರಂಗ ಗೊತ್ತು, ಆಡುಹುಲಿ ಗೊತ್ತು. ಗೋ ಇವೆರಡರಲ್ಲಿ ಯಾವುದಕ್ಕೆ ಹತ್ತಿರ? ಪಟ್ಟದ ಪಂದ್ಯ ನೋಡಬೇಕಾದರೆ ಕನಿಷ್ಠ ಎಷ್ಟು ನಿಯಮ ತಿಳಿದಿರಬೇಕು? (ಶಿವಮೊಗ್ಗ)

ಉತ್ತರ: ಕಾಯಿ ಕೂರುವ ಜಾಗ ನೋಡಿದರೆ ಆಡುಹುಲಿಗೆ ಹತ್ತಿರ. ಕಾಯಿ ಇಡುವುದು ಚೌಕದೊಳಗಲ್ಲ, ಗೆರೆಗಳು ಸೇರುವ ಬಿಂದುವಿನ ಮೇಲೆ. ಅಡ್ಡ 19 ಗೆರೆ, ಉದ್ದ 19 ಗೆರೆ, ಒಟ್ಟು 361 ಬಿಂದು. ಕಪ್ಪು ಕಾಯಿಯವರು ಮೊದಲು ಇಡುತ್ತಾರೆ, ಆಮೇಲೆ ಬಿಳಿ, ಹೀಗೆ ಸರದಿ. ಒಮ್ಮೆ ಇಟ್ಟ ಕಾಯಿಯನ್ನು ಸರಿಸುವಂತಿಲ್ಲ.

ಆಡುಗಳು ಹುಲಿಯನ್ನು ಕಟ್ಟಿಹಾಕುವಂತೆ ಇಲ್ಲಿಯೂ ಕಟ್ಟುವುದಿದೆ. ಗೆರೆಯ ಮೇಲೆ ಒಂದಕ್ಕೊಂದು ತಾಗಿಕೊಂಡ ಕಾಯಿಗಳು ಒಂದು ಗುಂಪು. ಆ ಗುಂಪಿಗೆ ಅಂಟಿದ ಖಾಲಿ ಬಿಂದುಗಳನ್ನೆಲ್ಲ ಎದುರಾಳಿ ಮುಚ್ಚಿಬಿಟ್ಟರೆ ಗುಂಪಿಗೆ ಗುಂಪೇ ಮಣೆಯಿಂದ ಎದ್ದುಹೋಗುತ್ತದೆ. ಆದರೆ ಗೆಲುವನ್ನು ನಿರ್ಧರಿಸುವುದು ಎತ್ತಿದ ಕಾಯಿಗಳ ಲೆಕ್ಕ ಮಾತ್ರವಲ್ಲ. ಆಟ ಮುಗಿದಾಗ ನಿಮ್ಮ ಕಾಯಿಗಳ ಬೇಲಿಯೊಳಗೆ ಎಷ್ಟು ಖಾಲಿ ಬಿಂದು ಉಳಿದಿದೆ ಎಂಬುದು ಮುಖ್ಯ. ಅಂಥ ಒಂದು ಬಿಂದುವನ್ನು ಇಲ್ಲಿ ‘ಮನೆ’ ಎನ್ನೋಣ. ನೀವು ಕಳೆದುಕೊಂಡ ಕಾಯಿಗಳನ್ನು ಎದುರಾಳಿ ನಿಮ್ಮ ಬೇಲಿಯೊಳಗೇ ತುಂಬುತ್ತಾನೆ. ಒಂದು ಕಾಯಿ ಹೋದರೆ ಒಂದು ಮನೆ ಹೋಯಿತು ಎಂದೇ ಲೆಕ್ಕ.

ಮೊದಲು ಆಡುವ ಕಪ್ಪಿಗೆ ಅನುಕೂಲ ಹೆಚ್ಚು. ಅದನ್ನು ಸರಿದೂಗಿಸಲು ಬಿಳಿಗೆ ಆರೂವರೆ ಮನೆ ಸೇರಿಸಿ ಕೊಡುತ್ತಾರೆ. ಇದಕ್ಕೆ ‘ಕೋಮಿ’ ಎಂದು ಹೆಸರು. ಅರ್ಧ ಮನೆ ಇಟ್ಟಿರುವುದು ಸಮವಾಗದಿರಲಿ ಎಂದು. ಎರಡು ದಿನ ಕೂತು ಆಡಿದ ಆಟ ಅರ್ಧ ಮನೆಯಲ್ಲಿ ಕೈತಪ್ಪುವುದುಂಟು.

ಇನ್ನೊಂದು ನಿಯಮ ‘ಕೋ’. ಒಂದೇ ಕಾಯಿಯನ್ನು ನಾನು ಎತ್ತಿದೆ, ಅದೇ ಜಾಗದಲ್ಲಿ ನೀವು ನನ್ನ ಒಂದು ಕಾಯಿಯನ್ನು ತಿರುಗಿ ಎತ್ತಬಹುದು ಎಂಬಂಥ ಸ್ಥಿತಿ ಬಂದರೆ ಆಟ ಅಲ್ಲೇ ಸುತ್ತುತ್ತದೆ. ಅದಕ್ಕೇ ತಕ್ಷಣ ತಿರುಗಿ ಎತ್ತುವುದು ನಿಷಿದ್ಧ. ಮೊದಲು ಬೇರೆಲ್ಲಾದರೂ ಎದುರಾಳಿ ಉತ್ತರಿಸಲೇಬೇಕಾದ ಬೆದರಿಕೆಯ ನಡೆ ಆಡಿ, ಅವನು ಉತ್ತರಿಸಿದ ಮೇಲೆ ಬಂದು ಎತ್ತಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ: ಪಟ್ಟಗಳು ಎಷ್ಟು? ಹಣ ಕೊಡುವವರು ಯಾರು? (ಹುಬ್ಬಳ್ಳಿ)

ಉತ್ತರ: ದೊಡ್ಡವು ಏಳು: ಕಿಸೇಯ್, ಮೇಯ್ಜಿನ್, ಹೋನಿನ್‌ಬೋ, ಓಝಾ, ತೆಂಗೆನ್, ಗೋಸೇಯ್, ಜೂದಾನ್. ಹಣದ ಬಹುಪಾಲು ಪತ್ರಿಕೆಗಳದು. ಕಿಸೇಯ್ ಯೋಮಿಯುರಿಯದು, ಮೇಯ್ಜಿನ್ ಅಸಾಹಿಯದು, ಹೋನಿನ್‌ಬೋ ಮೈನಿಚಿಯದು. ಪಂದ್ಯದ ಒಂದೊಂದು ಹಂತವನ್ನೂ ಪತ್ರಿಕೆಯಲ್ಲಿ ದಿನವಹಿ ಅಂಕಣವಾಗಿ ಕೊಡುವ ಪದ್ಧತಿಯಿಂದಲೇ ಈ ಪಟ್ಟಗಳು ಬೆಳೆದದ್ದು. ಕಿಸೇಯ್ ಗೆದ್ದವರಿಗೆ ಸಿಗುವ ಮೊತ್ತ 4 ಕೋಟಿ ಯೆನ್ ಮೀರುತ್ತದೆ. ಏಳರಲ್ಲಿ ಅದೇ ದೊಡ್ಡದು.

ಹಳೆಯದು ಹೋನಿನ್‌ಬೋ. ಅದು ಮೊದಲು ಒಂದು ಮನೆತನದ ಹೆಸರು, ಗುರುವಿನಿಂದ ಶಿಷ್ಯನಿಗೆ ಹೋಗುತ್ತಿತ್ತು. ಆ ಸಾಲಿನ 21ನೆಯ ಹಾಗೂ ಕೊನೆಯ ಗುರು ಶೂಸಾಯ್ ಆ ಹೆಸರನ್ನು ಜಪಾನಿನ ಗೋ ಸಂಸ್ಥೆಯಾದ ನಿಹೋನ್ ಕಿಯಿನ್‌ಗೆ ಬಿಟ್ಟುಕೊಟ್ಟರು. 1939ರಲ್ಲಿ ಅದು ಆಡಿ ಗೆಲ್ಲುವ ಪಟ್ಟವಾಯಿತು.

ಏಳೂ ಪಟ್ಟಗಳನ್ನು ಒಟ್ಟಿಗೆ ಹಿಡಿದವರು ಇಯಾಮಾ ಯೂತಾ. 2016ರ ಏಪ್ರಿಲ್‌ನಲ್ಲಿ ಏಳನೆಯದು ಕೈಸೇರಿತು. ಅದೇ ವರ್ಷ ಮೇಯ್ಜಿನ್ ಕಳೆದುಕೊಂಡರು. 2017ರ ಅಕ್ಟೋಬರ್‌ನಲ್ಲಿ ಅದನ್ನು ಮತ್ತೆ ಗೆದ್ದು ಏಳನ್ನೂ ಪೂರ್ತಿ ಮಾಡಿದರು.

ಪ್ರಶ್ನೆ: ಸವಾಲು ಹಾಕುವವರನ್ನು ಹೇಗೆ ಆರಿಸುತ್ತಾರೆ? ಕಪ್ಪು ಯಾರಿಗೆ, ಬಿಳಿ ಯಾರಿಗೆ? (ತುಮಕೂರು)

ಉತ್ತರ: ಪಟ್ಟ ಹಿಡಿದವರು ವರ್ಷವಿಡೀ ಕಾಯುತ್ತಾರೆ, ಉಳಿದವರೆಲ್ಲ ಅವರ ಎದುರು ಕೂರುವ ಒಂದೇ ಒಂದು ಜಾಗಕ್ಕಾಗಿ ಆಡುತ್ತಾರೆ. ಮೇಯ್ಜಿನ್‌ನಲ್ಲಿ ಒಂಬತ್ತು ಜನರ ಲೀಗ್. ಎಲ್ಲರೂ ಎಲ್ಲರೊಂದಿಗೆ, ಅಂದರೆ ತಲಾ ಎಂಟು ಆಟ. ಮೊದಲು ಬಂದವರು ಸವಾಲುಗಾರರು, ಕೊನೆಯ ಮೂವರು ಲೀಗಿನಿಂದ ಹೊರಕ್ಕೆ. ಆಮೇಲೆ ಪಟ್ಟದವರಿಗೂ ಸವಾಲುಗಾರರಿಗೂ ಏಳು ಆಟಗಳ ಸರಣಿ, ನಾಲ್ಕು ಗೆದ್ದವರಿಗೆ ಪಟ್ಟ.

ಬಣ್ಣ ತೀರ್ಮಾನವಾಗುವುದು ಮೊದಲ ಆಟದ ಬೆಳಿಗ್ಗೆ, ‘ನಿಗಿರಿ’ಯಿಂದ. ಒಬ್ಬರು ಬಿಳಿ ಕಾಯಿಗಳನ್ನು ಮುಷ್ಟಿ ತುಂಬ ಹಿಡಿದು ಮಣೆಯ ಮೇಲೆ ಕೈ ಊರುತ್ತಾರೆ. ಇನ್ನೊಬ್ಬರು ಒಂದು ಕಪ್ಪು ಕಾಯಿ ಇಟ್ಟರೆ ‘ಬೆಸ’, ಎರಡಿಟ್ಟರೆ ‘ಸಮ’ ಎಂದರ್ಥ. ಮುಷ್ಟಿ ಬಿಚ್ಚಿ ಕಾಯಿಗಳನ್ನು ಎರಡೆರಡಾಗಿ ಜೋಡಿಸಿ ಎಣಿಸುತ್ತಾರೆ. ಊಹೆ ಸರಿಯಾದರೆ ಊಹಿಸಿದವರಿಗೆ ಕಪ್ಪು. ಎರಡನೇ ಆಟದಿಂದ ಬಣ್ಣ ಅದಲುಬದಲು. ಸರಣಿ 3-3 ಆಗಿ ಏಳನೇ ಆಟ ಬಂದರೆ ಮತ್ತೆ ನಿಗಿರಿ.

ಪ್ರಶ್ನೆ: ಮೊದಲ ದಿನದ ಕೊನೆಯಲ್ಲಿ ಒಬ್ಬ ಆಟಗಾರ ತನ್ನ ನಡೆಯನ್ನು ಬರೆದು ಲಕೋಟೆಯಲ್ಲಿ ಇಡುತ್ತಾನಂತೆ. ಏಕೆ? ಅದರಿಂದ ಲಾಭ ಯಾರಿಗೆ? (ಮೈಸೂರು, ಬೆಂಗಳೂರು, ಕುಂದಾಪುರ, ಮೂರೂ ಕಡೆಯಿಂದ ಇದೇ ಪ್ರಶ್ನೆ)

ಉತ್ತರ: ಕಿಸೇಯ್ ಮತ್ತು ಮೇಯ್ಜಿನ್ ಪಂದ್ಯಗಳಲ್ಲಿ ಒಬ್ಬೊಬ್ಬರಿಗೆ 8 ಗಂಟೆ. ಇಬ್ಬರದೂ ಸೇರಿ 16 ಗಂಟೆ, ಒಂದು ದಿನದಲ್ಲಿ ಮುಗಿಯುವುದಿಲ್ಲ. ನಡುವೆ ರಾತ್ರಿ ಬಂದೇ ಬರುತ್ತದೆ. ಆ ರಾತ್ರಿ ಯಾರ ಸರದಿ ಬಾಕಿ ಇರುತ್ತದೋ ಅವರು ಮಣೆ ಎದುರಿಗಿಲ್ಲದೆಯೂ ಬೆಳಗಿನವರೆಗೆ ಯೋಚಿಸಬಹುದು, ಗಡಿಯಾರ ಓಡುವುದಿಲ್ಲ. ಇದು ಅನ್ಯಾಯ. ಹಾಗಂತ ಒಬ್ಬರು ನಡೆ ಆಡಿಯೇ ಏಳಲಿ ಎಂದರೆ ಅನ್ಯಾಯ ಇನ್ನೊಬ್ಬರ ಕಡೆಗೆ ತಿರುಗುತ್ತದೆ, ಅಷ್ಟೆ. ನಡೆ ತೀರ್ಮಾನವಾಗಿರಬೇಕು, ಆದರೆ ಎದುರಾಳಿಗೆ ತಿಳಿಯಬಾರದು. ಈ ಗಂಟನ್ನು ಬಿಡಿಸುವುದೇ ಲಕೋಟೆ. ಹೀಗೆ ಬರೆದಿಟ್ಟ ನಡೆಗೆ ಜಪಾನಿನಲ್ಲಿ ‘ಫೂಜಿತೆ’ ಎನ್ನುತ್ತಾರೆ.

ಕ್ರಮ ಹೀಗಿದೆ. ಸಂಜೆ ನಿಗದಿತ ಹೊತ್ತಿಗೆ ತೀರ್ಪುಗಾರರು ‘ಮೊಹರಿನ ಸಮಯವಾಯಿತು’ ಎಂದು ತಿಳಿಸುತ್ತಾರೆ. ಆ ಗಳಿಗೆಯಲ್ಲಿ ಸರದಿ ಯಾರದೋ ಅವರು ಇನ್ನು ಮಣೆಯ ಮೇಲೆ ಕಾಯಿ ಇಡುವಂತಿಲ್ಲ, ಬರೆಯಲೇಬೇಕು. ಕೂಡಲೇ ಬರೆಯಬೇಕೆಂದಿಲ್ಲ. ಇನ್ನೂ ಅರ್ಧ ಗಂಟೆ ಯೋಚಿಸಬಹುದು, ಆದರೆ ಅದು ಅವರ ಖಾತೆಗೇ ಬೀಳುತ್ತದೆ. ‘ಮೊಹರು ಮಾಡುತ್ತೇನೆ’ ಎಂದ ಮೇಲೆ ಅಲ್ಲಿಯವರೆಗಿನ ಸ್ಥಿತಿಯನ್ನು ಬರೆದ ಹಾಳೆ ಕೈಗೆ ಬರುತ್ತದೆ. ಎದುರಾಳಿಯ ಕಣ್ಣಿಗೆ ಬೀಳದಂತೆ ಅದರ ಮೇಲೆ ನಡೆಯನ್ನು ಗುರುತಿಸಿ, ಲಕೋಟೆಗೆ ಹಾಕಿ, ಅಂಟಿಸಿ ತೀರ್ಪುಗಾರರ ವಶಕ್ಕೆ ಕೊಡುತ್ತಾರೆ.

ಮರುದಿನ ಬೆಳಿಗ್ಗೆ ಮಣೆ ಖಾಲಿ ಇರುತ್ತದೆ. ದಾಖಲೆಗಾರರು ಹಿಂದಿನ ದಿನದ ನಡೆಗಳನ್ನು ಒಂದೊಂದಾಗಿ ಓದುತ್ತಾರೆ, ಇಬ್ಬರೂ ಆಟಗಾರರು ತಮ್ಮ ತಮ್ಮ ಕಾಯಿಗಳನ್ನು ಅದೇ ಕ್ರಮದಲ್ಲಿ ಇಡುತ್ತಾ ಬರುತ್ತಾರೆ. ಕೊನೆಯ ಕಾಯಿ ಕೂತ ಮೇಲೆ ತೀರ್ಪುಗಾರರು ಕತ್ತರಿಯಿಂದ ಲಕೋಟೆಯ ಅಂಚು ಕತ್ತರಿಸಿ ಹಾಳೆ ತೆಗೆದು ಇಬ್ಬರಿಗೂ ತೋರಿಸುತ್ತಾರೆ. ಬರೆದವರು ಆ ಜಾಗದಲ್ಲಿ ಕಾಯಿ ಇಟ್ಟ ಕೂಡಲೇ ಎದುರಾಳಿಯ ಗಡಿಯಾರ ಓಡತೊಡಗುತ್ತದೆ. ಗುರುತು ಎರಡು ಬಿಂದುಗಳ ನಡುವೆ ಬಿದ್ದಿದ್ದರೆ ಏನಾದೀತು ಯೋಚಿಸಿ. ಅದಕ್ಕೇ ಅಲ್ಲಿ ಸಾವಕಾಶವಾಗಿ ಬರೆಯುತ್ತಾರೆ, ಎರಡೆರಡು ಸಲ ನೋಡಿಕೊಳ್ಳುತ್ತಾರೆ.

ಲಾಭದ ಮಾತು. ತಾನು ಏನು ಬರೆದಿದ್ದೇನೆಂದು ಗೊತ್ತಿರುವವನು ರಾತ್ರಿ ಒಂದೇ ದಾರಿ ಹಿಡಿದು ಯೋಚಿಸುತ್ತಾನೆ. ಗೊತ್ತಿಲ್ಲದವನು ನಾಲ್ಕೈದು ದಾರಿಗಳನ್ನು ಹರಡಿಕೊಂಡು ಕೂರಬೇಕು. ಆದ್ದರಿಂದ ಬರೆಯುವವನಿಗೆ ಅನುಕೂಲ ಎಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಅದು ನಡೆಯ ಮೇಲೆ ನಿಂತಿದೆ. ಯಾರು ನೋಡಿದರೂ ‘ಇಲ್ಲಿ ಇದೊಂದೇ ನಡೆ’ ಎನ್ನುವಂಥದ್ದನ್ನು ಬರೆದಿಟ್ಟರೆ ಎದುರಾಳಿ ಅದನ್ನು ಊಹಿಸಿ ತನ್ನ ಉತ್ತರವನ್ನು ಇಡೀ ರಾತ್ರಿ ಯೋಚಿಸುತ್ತಾನೆ, ಅನುಕೂಲ ತಿರುಗುಮುರುಗಾಗುತ್ತದೆ. ಅದಕ್ಕೇ ಸಂಜೆಯ ಕೊನೆಯ ಅರ್ಧ ಗಂಟೆಯನ್ನು ಗಮನಿಸಬೇಕು. ಒಬ್ಬರು ಸಮಯ ಬರುವ ಮುನ್ನವೇ ಚಕಚಕನೆ ಆಡಿ ಲಕೋಟೆಯನ್ನು ಎದುರಾಳಿಯ ಕೈಗೆ ದಾಟಿಸಲು ನೋಡುತ್ತಾರೆ. ಇನ್ನೊಬ್ಬರು ಕವಲೊಡೆಯುವ ಜಾಗಕ್ಕೆ ಬಂದು ಅಲ್ಲೇ ಕಲ್ಲಿನಂತೆ ಕೂರುತ್ತಾರೆ.

ಈ ಪದ್ಧತಿ ಬಂದದ್ದು ಸುಮ್ಮನೆ ಅಲ್ಲ. ಹಿಂದೆ ಹಿರಿಯ ಆಟಗಾರರು ತಮಗೆ ಬೇಕಾದಾಗ ಆಟ ನಿಲ್ಲಿಸಿ ಮನೆಗೆ ಹೋಗಬಹುದಿತ್ತು, ಅದೂ ತಮ್ಮ ಸರದಿ ಇರುವಾಗಲೇ. 1933ರಲ್ಲಿ ಶೂಸಾಯ್ ಮತ್ತು ಯುವಕ ಗೋ ಸೇಯ್‌ಗೆನ್ ನಡುವೆ ಶುರುವಾದ ಆಟ 1934ರ ಜನವರಿವರೆಗೆ ನಡೆಯಿತು. ಅಷ್ಟೂ ಕಾಲ ನಿಲ್ಲಿಸುವ ಅಧಿಕಾರ ಶೂಸಾಯ್ ಅವರದೇ. ಆಟ ತಿರುಗಿಸಿದ ಬಿಳಿಯ 160ನೇ ನಡೆ ಅವರ ಶಿಷ್ಯರೊಬ್ಬರ ಶೋಧ ಎಂಬ ಮಾತು ಅಂದಿನಿಂದ ಇಂದಿನವರೆಗೂ ಅಳಿದಿಲ್ಲ.

1938ರಲ್ಲಿ ಶೂಸಾಯ್ ತಮ್ಮ ವಿದಾಯದ ಆಟವನ್ನು ಕಿತಾನಿ ಮಿನೋರು ಎದುರು ಆಡಿದಾಗ ಮೊಹರಿನ ನಿಯಮ ಹಾಕಲಾಯಿತು. ತಲಾ 40 ಗಂಟೆ ಸಮಯ. ಜೂನ್‌ನಲ್ಲಿ ಆರಂಭವಾಗಿ, ಶೂಸಾಯ್ ಅವರ ಕಾಯಿಲೆಯಿಂದ ಮೂರು ತಿಂಗಳು ನಿಂತು, ಡಿಸೆಂಬರ್‌ನಲ್ಲಿ ಮುಗಿಯಿತು. ಕಿತಾನಿ ಬಳಸಿದ್ದು 34 ಗಂಟೆ 19 ನಿಮಿಷ, ಶೂಸಾಯ್ 19 ಗಂಟೆ 57 ನಿಮಿಷ. ಹೊಸ ನಿಯಮದಲ್ಲೂ ಜಗಳ ತಪ್ಪಲಿಲ್ಲ. ಕಿತಾನಿ ಲಕೋಟೆಯಲ್ಲಿಟ್ಟ 121ನೇ ನಡೆ ನಡುಮಣೆಯ ಕದನ ಬಿಟ್ಟು ದೂರದಲ್ಲಿತ್ತು. ಅದಕ್ಕೆ ಬಿಳಿ ಉತ್ತರ ಕೊಡಲೇಬೇಕು, ಉತ್ತರವೂ ಒಂದೇ. ಅಂದರೆ ಕದನದ ನಿಜವಾದ ನಡೆಯನ್ನು ಯೋಚಿಸಲು ಪುಕ್ಕಟೆ ಕಾಲ ಗಿಟ್ಟಿಸಿದಂತೆ ಎಂದು ಶೂಸಾಯ್ ನೊಂದುಕೊಂಡರು. ಸ್ವಲ್ಪ ಹೊತ್ತಿನಲ್ಲೇ 130ನೇ ನಡೆಯಲ್ಲಿ ಅವರೇ ತಪ್ಪಿದರು. ಕಿತಾನಿ 5 ಮನೆಯಿಂದ ಗೆದ್ದರು. ನಿಯಮದ ಪ್ರಕಾರ ಕಿತಾನಿ ಮಾಡಿದ್ದರಲ್ಲಿ ತಪ್ಪಿಲ್ಲ, ಆ ನಡೆಗೆ ಮಣೆಯ ಮೇಲೂ ಅರ್ಥವಿತ್ತು ಎಂಬುದು ನಮ್ಮ ಅಭಿಪ್ರಾಯ. ಆದರೆ ಬೆದರಿಕೆಯ ನಡೆಯನ್ನು ಲಕೋಟೆಯಲ್ಲಿಟ್ಟರೆ ಎದುರಾಳಿಗೆ ಏನನ್ನಿಸುತ್ತದೆ ಎಂಬುದು ಅಂದೇ ಗೊತ್ತಾಯಿತು.

ಪ್ರಶ್ನೆ: ಕೊನೆಯಲ್ಲಿ ಯಾರೋ ಪಕ್ಕದಲ್ಲಿ ಕೂತು ಸೆಕೆಂಡು ಎಣಿಸುತ್ತಿರುತ್ತಾರೆ. ಆ ಲೆಕ್ಕ ಅರ್ಥವಾಗಲಿಲ್ಲ. (ದಾವಣಗೆರೆ)

ಉತ್ತರ: ಅದಕ್ಕೆ ‘ಬ್ಯೋಯೊಮಿ’ ಎನ್ನುತ್ತಾರೆ, ಸೆಕೆಂಡು ಓದುವುದು ಎಂದರ್ಥ. ಇದನ್ನು ತಿಳಿಯಲು ಮೊದಲು ಒಂದು ಸಂಗತಿ: ಎರಡು ದಿನದ ಆಟಗಳಲ್ಲಿ ಒಂದು ನಿಮಿಷಕ್ಕಿಂತ ಕಡಿಮೆ ಯೋಚನೆ ಲೆಕ್ಕಕ್ಕಿಲ್ಲ. 59 ಸೆಕೆಂಡಿನಲ್ಲಿ ಆಡಿದರೆ ಖರ್ಚು ಸೊನ್ನೆ. 1 ನಿಮಿಷ 40 ಸೆಕೆಂಡಾದರೆ 1 ನಿಮಿಷ ಮಾತ್ರ ಕಳೆಯುತ್ತಾರೆ.

8 ಗಂಟೆಯಲ್ಲಿ 10 ನಿಮಿಷ ಉಳಿದಾಗ ಓದು ಶುರು. ಒಂದು ನಡೆಗೆ ಪೂರ್ತಿ ಒಂದು ನಿಮಿಷ ಹಿಡಿದರೆ 10ರಲ್ಲಿ ಒಂದು ಹೋಯಿತು. ನಿಮಿಷದೊಳಗೆ ಆಡಿದರೆ ಹಾಗೇ ಉಳಿಯಿತು. ಹೀಗೆ ಕರಗುತ್ತ ಕರಗುತ್ತ ಕೊನೆಯ ಒಂದು ನಿಮಿಷ ಉಳಿಯುತ್ತದೆ. ಅದು ಎಂದಿಗೂ ಖರ್ಚಾಗದು, ಆದರೆ ಪ್ರತಿ ನಡೆಯೂ 60 ಸೆಕೆಂಡಿನೊಳಗೆ ಬರಬೇಕು. ‘30 ಸೆಕೆಂಡು… 40 ಸೆಕೆಂಡು… 50 ಸೆಕೆಂಡು… ಒಂದು, ಎರಡು, ಮೂರು…’ ಎಂದು ಓದುತ್ತಾರೆ. ‘ಒಂಬತ್ತು’ ಕೇಳುವಷ್ಟರಲ್ಲಿ ಕಾಯಿ ಮಣೆ ಮುಟ್ಟಿರಬೇಕು. ‘ಹತ್ತು’ ಬಂದರೆ ಸೋಲು, ಮಣೆಯ ಮೇಲೆ 50 ಮನೆ ಮುಂದಿದ್ದರೂ. ಈ ಸ್ಥಿತಿಯಲ್ಲೇ ನೂರು ನಡೆ ಆಡಬೇಕಾಗಿ ಬರಬಹುದು.

ತಪ್ಪು ಆಗುವುದು ಎಲ್ಲಿ? ಯೋಚಿಸಲು ಸಮಯ ಸಾಲದಾಗ ಆಟಗಾರರು ಎದುರಾಳಿ ಉತ್ತರಿಸಲೇಬೇಕಾದ ಒಂದು ನಡೆಯನ್ನು ಬೇರೆಡೆ ಆಡುತ್ತಾರೆ. ಆತ ಉತ್ತರಿಸುತ್ತಾನೆ, ನಮಗೆ ಇನ್ನೊಂದು ನಿಮಿಷ ಸಿಗುತ್ತದೆ. ಇದು ಪುಕ್ಕಟೆಯಲ್ಲ. ಹೀಗೆ ಖರ್ಚು ಮಾಡಿದ ಒಂದೊಂದು ಬೆದರಿಕೆಯೂ ಮುಂದೆ ಕೋ ಬಂದಾಗ ಕೈಯಲ್ಲಿರಬೇಕಿತ್ತು. ಎರಡು ನಿಮಿಷ ಕೊಂಡುಕೊಂಡು, ಒಂದು ಗಂಟೆಯ ನಂತರ ಬೆದರಿಕೆ ಸಾಲದೆ ಕೋ ಸೋತ ಆಟಗಳು ಎಷ್ಟೋ. ನೋಡುವಾಗ, ಮುಖ್ಯ ಕದನಕ್ಕೆ ಸಂಬಂಧವೇ ಇಲ್ಲದ ಕಡೆ ತಟ್ಟನೆ ಒಂದು ಕಾಯಿ ಬಿದ್ದರೆ, ಅದು ಕಾಲ ಕೊಳ್ಳುವ ನಡೆಯೇ ಎಂದು ಪರೀಕ್ಷಿಸಿ.

ಪ್ರಶ್ನೆ: ಪಟ್ಟದ ಪಂದ್ಯದಲ್ಲಿ ನಿಯಮವೇ ತಪ್ಪಿದ್ದುಂಟೇ? (ಕಲಬುರಗಿ)

ಉತ್ತರ: ಉಂಟು, ಅದೂ ಈ ಸೆಕೆಂಡಿನ ಓದಿನ ನಡುವೆಯೇ. 1980ರ ಮೇಯ್ಜಿನ್ ಸರಣಿಯ ನಾಲ್ಕನೇ ಆಟ. ಪಟ್ಟ ಓತಾಕೆ ಹಿದೆಯೋ ಅವರದು, ಸವಾಲುಗಾರ ಚೋ ಚಿಕುನ್. ಕೋ ನಡೆಯುತ್ತಿತ್ತು, ಚೋ ಅವರ ಸಮಯ ತೀರಿತ್ತು. ತಾನು ಬೆದರಿಕೆ ಆಡಿ ಆಯಿತೇ, ಈಗ ಎತ್ತಬಹುದೇ ಎಂಬುದು ತಲೆಯಲ್ಲಿ ಕಲಸಿಹೋಯಿತು. ಪಕ್ಕದ ದಾಖಲೆಗಾರರನ್ನೇ ‘ಎತ್ತುವ ಸರದಿ ನನ್ನದೇ?’ ಎಂದು ಕೇಳಿದರು. ಅವರು ‘ಹೌದು’ ಎಂದರು. ಚೋ ಎತ್ತಿದರು. ಸರದಿ ಅವರದಾಗಿರಲಿಲ್ಲ.

ಸಾಮಾನ್ಯವಾಗಿ ಬೆದರಿಕೆಯ ನಡೆಯಿಲ್ಲದೆ ಕೋ ಎತ್ತಿದವನಿಗೆ ಆ ಕ್ಷಣವೇ ಸೋಲು. ಇಲ್ಲಿ ಅಧಿಕೃತವಾಗಿ ಕೂತವರೇ ಹೌದು ಎಂದಿದ್ದರು. ಕೊನೆಗೆ ಆ ಆಟಕ್ಕೆ ಫಲಿತಾಂಶವಿಲ್ಲ ಎಂದು ತೀರ್ಮಾನವಾಯಿತು. ಸರಣಿಯನ್ನು ಚೋ 4-1ರಿಂದ ಗೆದ್ದರು, ನಡುವೆ ಈ ಒಂದು ಖಾಲಿ ಆಟ. ಆಮೇಲೆ ನಿಯಮ ಬಿಗಿಯಾಯಿತು: ಯಾರು ಏನು ಹೇಳಿದರೂ ಕೋ ಸರದಿಯ ಹೊಣೆ ಆಡುವವನದೇ. ತೀರ್ಪುಗಾರರ ತೀರ್ಮಾನ ನ್ಯಾಯವಾದದ್ದೇ, ನಂತರ ಬಂದ ನಿಯಮವೂ ನ್ಯಾಯವೇ. ಕೊನೆಯ ನಿಮಿಷದಲ್ಲಿ ದಾಖಲೆಗಾರರೂ ದಣಿದಿರುತ್ತಾರೆ.

ಆಟ ಮುಗಿಯುವ ಗಳಿಗೆಯೂ ಅಪಾಯದ್ದೇ. ಇಬ್ಬರಿಗೂ ಲಾಭವಿಲ್ಲದ ಬಿಂದುಗಳನ್ನು ಕೊನೆಗೆ ಸುಮ್ಮನೆ ತುಂಬುತ್ತಾ ಹೋಗುತ್ತಾರೆ. 2002ರಲ್ಲಿ ತೆಂಗೆನ್ ಪಟ್ಟದ ಸವಾಲುಗಾರರನ್ನು ಆರಿಸುವ ಆಟದಲ್ಲಿ ರ್ಯೂ ಶಿಕುನ್ ಮತ್ತು ಓ ಮೇಯೆನ್ ಹೀಗೆ ತುಂಬುತ್ತಿದ್ದರು. ಓ ಆಟ ಮುಗಿದಿದೆ ಎಂದುಕೊಂಡು, ಎದುರಾಳಿ ಎತ್ತಿಬಿಡಬಹುದಾದ ತಮ್ಮ ಕಾಯಿಗಳನ್ನು ಕಾಪಾಡಿಕೊಳ್ಳಲಿಲ್ಲ. ರ್ಯೂ ಎತ್ತಿದರು. ಮುಗಿದಿದೆ ಎಂದು ಇಬ್ಬರೂ ಒಪ್ಪಿಕೊಂಡಿರಲಿಲ್ಲ, ಹಾಗಾಗಿ ಗೆಲುವು ರ್ಯೂ ಅವರದಾಯಿತು. ನೀವು ಮನೆಯಲ್ಲಿ ಆಡುವಾಗಲೂ ‘ಮುಗಿಯಿತಲ್ಲವೇ?’ ಎಂದು ಬಾಯಿಬಿಟ್ಟು ಕೇಳಿ, ಉತ್ತರ ಬಂದ ಮೇಲೆ ತುಂಬಿ.

ಪ್ರಶ್ನೆ: ಹಿರೋಶಿಮಾದ ಮೇಲೆ ಬಾಂಬ್ ಬಿದ್ದ ದಿನ ಪಟ್ಟದ ಪಂದ್ಯ ನಡೆಯುತ್ತಿತ್ತು ಎಂದು ಕೇಳಿದ್ದೇವೆ. ನಿಜವೇ? (ಧಾರವಾಡ)

ಉತ್ತರ: ನಿಜ. 1945ರ ಹೋನಿನ್‌ಬೋ ಸರಣಿ. ಪಟ್ಟ ಹಾಶಿಮೋತೋ ಊತಾರೋ ಅವರದು, ಸವಾಲು ಇವಾಮೋತೋ ಕಾವೊರು ಅವರದು. ಮೊದಲ ಆಟ ಜುಲೈನಲ್ಲಿ ಹಿರೋಶಿಮಾ ನಗರದೊಳಗೇ ನಡೆಯಿತು. ವಿಮಾನ ದಾಳಿಯ ಭಯವಿದೆ, ನಗರದಲ್ಲಿ ಬೇಡ ಎಂದು ಪೊಲೀಸ್ ಮುಖ್ಯಸ್ಥರು ತಡೆದದ್ದರಿಂದ ಎರಡನೆಯದನ್ನು ಹೊರವಲಯದ ಇತ್ಸುಕಾಯಿಚಿಗೆ ಒಯ್ದರು. ಆಗಸ್ಟ್ 4ರಿಂದ 6, ಮೂರು ದಿನದ ಆಟ. ತೀರ್ಪುಗಾರರು ಸೆಗೊಯೆ ಕೆನ್ಸಾಕು.

ಮೂರನೇ ದಿನ ಬೆಳಿಗ್ಗೆ ಹಿಂದಿನ ಸ್ಥಿತಿಯನ್ನು ಮಣೆಯ ಮೇಲೆ ಜೋಡಿಸಿಕೊಂಡಿದ್ದರು. ಬೆಳಕು ಮಿಂಚಿತು, ಆಮೇಲೆ ಗಾಳಿಯ ಹೊಡೆತ. ಕಿಟಕಿ ಗಾಜು ಪುಡಿಯಾಯಿತು, ಕಾಯಿಗಳು ಚೆಲ್ಲಾಪಿಲ್ಲಿಯಾದವು, ಹಾಶಿಮೋತೋ ತೋಟಕ್ಕೆ ಎಸೆಯಲ್ಪಟ್ಟರು. ಏನಾಯಿತೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಕೋಣೆ ಗುಡಿಸಿ, ಕಾಯಿಗಳನ್ನು ಮೊದಲಿನಂತೆ ಜೋಡಿಸಿ, ಆಟ ಮುಂದುವರಿಸಿದರು. ಹಾಶಿಮೋತೋ ಬಿಳಿಯಲ್ಲಿ 5 ಮನೆಯಿಂದ ಗೆದ್ದರು. ಸಂಜೆ ಹೊತ್ತಿಗೆ ನಗರದ ಕಡೆಯಿಂದ ಸುಟ್ಟುಹೋದ ಜನ ಬರತೊಡಗಿದರು. ಆಗ ತಿಳಿಯಿತು. ಆ ಸರಣಿ 3-3 ಆಗಿ, 1946ರ ಮರುಪಂದ್ಯದಲ್ಲಿ ಪಟ್ಟ ಇವಾಮೋತೋ ಅವರಿಗೆ ಹೋಯಿತು. ಮುಂದೆ ಅವರು ತಮ್ಮ ಹಣದಿಂದ ಹೊರದೇಶಗಳಲ್ಲಿ ಗೋ ಕೇಂದ್ರಗಳನ್ನು ಕಟ್ಟಿದರು.

ಪ್ರಶ್ನೆ: ಎರಡು ದಿನ ಕಾಲು ಮಡಚಿ ಕೂರಲೇಬೇಕೇ? (ಉಡುಪಿ)

ಉತ್ತರ: ಬೇಕಿಲ್ಲ. ಆರಂಭದಲ್ಲಿ ಮಂಡಿಯೂರಿ ಕೂತವರೂ ಸ್ವಲ್ಪ ಹೊತ್ತಿನ ನಂತರ ಚಕ್ಕಳಮಕ್ಕಳ ಹಾಕಿಕೊಳ್ಳುತ್ತಾರೆ. 1986ರ ಜನವರಿಯಲ್ಲಿ ರಸ್ತೆ ಅಪಘಾತದಲ್ಲಿ ಚೋ ಚಿಕುನ್ ಅವರ ಎರಡೂ ಕಾಲು ಮತ್ತು ಎಡಗೈ ಮುರಿದವು. ಹತ್ತೇ ದಿನಕ್ಕೆ ಕೋಬಾಯಾಶಿ ಕೋಯಿಚಿ ಎದುರು ಕಿಸೇಯ್‌ನ ಮೊದಲ ಆಟ. ಬಲಗೈ ಸರಿಯಿತ್ತು, ಕಾಯಿ ಇಡಬಹುದಿತ್ತು. ಗಾಲಿಕುರ್ಚಿಯಲ್ಲಿ ಬಂದು ಆಡಿದರು. ಸರಣಿ ಸೋತರು, ಆದರೂ ಎರಡು ಆಟ ಗೆದ್ದರು.

ಪ್ರಶ್ನೆ: ಮಣೆ ಅಷ್ಟು ದಪ್ಪ ಏಕೆ? ಕಾಯಿ ಇಟ್ಟಾಗ ಕೇಳುವ ಆ ಸದ್ದು ಯಾವುದರದು? (ಸಾಗರ)

ಉತ್ತರ: ಮರ ಕೆಲಸ ಬಲ್ಲ ಊರಿನಿಂದ ಬಂದ ಪ್ರಶ್ನೆ, ಸ್ವಲ್ಪ ವಿವರವಾಗಿಯೇ ಹೇಳೋಣ. ಪಟ್ಟದ ಪಂದ್ಯದ ಮಣೆ ‘ಕಾಯಾ’ ಎಂಬ ಮರದ ಒಂದೇ ತುಂಡು. ನಿಧಾನಕ್ಕೆ ಬೆಳೆಯುವ ಮರ, ಎಳೆ ಒತ್ತಾಗಿರುತ್ತದೆ, ಬಣ್ಣ ಹಳದಿ. ಕಡಿದ ದಿಮ್ಮಿಯನ್ನು ವರ್ಷಗಟ್ಟಲೆ ಒಣಗಲು ಬಿಡುತ್ತಾರೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಮಣೆಯ ಮುಖ ಉದ್ದಕ್ಕೆ ಸುಮಾರು 45.5 ಸೆಂ.ಮೀ., ಅಗಲಕ್ಕೆ 42.4 ಸೆಂ.ಮೀ. ಪೂರ್ತಿ ಚೌಕ ಅಲ್ಲ. ಕೂತವರು ಓರೆಯಾಗಿ ನೋಡುವುದರಿಂದ ಉದ್ದ ಕುಗ್ಗಿದಂತೆ ಕಾಣುತ್ತದೆ, ಅದನ್ನು ಸರಿದೂಗಿಸಲು ಈ ಮೂರು ಸೆಂಟಿಮೀಟರ್. ಅಡಿಯಲ್ಲಿ ನಡುವೆ ಒಂದು ಕುಳಿ ಕೆತ್ತಿರುತ್ತಾರೆ. ಮರ ಬಿರಿಯದಿರಲಿ, ಸದ್ದು ಚೆನ್ನಾಗಿ ಬರಲಿ ಎಂದು. ನಾಲ್ಕು ಕಾಲುಗಳಿಗೆ ಗಾರ್ಡೀನಿಯಾ ಕಾಯಿಯ ಆಕಾರ. ಜಪಾನಿಯಲ್ಲಿ ಅದರ ಹೆಸರು ‘ಕುಚಿನಾಶಿ’. ಉಚ್ಚಾರದಲ್ಲಿ ‘ಬಾಯಿ ಇಲ್ಲ’ ಎಂದೂ ಆಗುತ್ತದೆ. ನೋಡುವವರು ಬಾಯಿ ಹಾಕಬಾರದು ಎಂದು ಮಣೆಯ ಕಾಲೇ ಹೇಳುತ್ತಿದೆ.

ಬಿಳಿ ಕಾಯಿ ಚಿಪ್ಪಿನದು, ಕಪ್ಪು ಕಾಯಿ ಕಲ್ಲಿನದು. ಹ್ಯೂಗಾ ಕಡಲತೀರದ ಚಿಪ್ಪು ಹೆಸರುವಾಸಿ, ಆದರೆ ಈಗ ಹೆಚ್ಚಿನದು ಮೆಕ್ಸಿಕೋದಿಂದ ಬರುತ್ತದೆ. ಚಿಪ್ಪಿನ ಕಾಯಿಯನ್ನು ಬೆಳಕಿಗೆ ಹಿಡಿದರೆ ನವಿರಾದ ಗೆರೆಗಳು ಕಾಣುತ್ತವೆ. ಕಪ್ಪು 181, ಬಿಳಿ 180. ಬಿಳಿ ಕಣ್ಣಿಗೆ ಹಿಗ್ಗಿದಂತೆ ಕಾಣುವುದರಿಂದ ಕಪ್ಪನ್ನು ಕೂದಲೆಳೆಯಷ್ಟು ದೊಡ್ಡದಾಗಿ ಮಾಡುತ್ತಾರೆ: ಕಪ್ಪು 22.2 ಮಿ.ಮೀ., ಬಿಳಿ 21.9 ಮಿ.ಮೀ. ತೋರುಬೆರಳಿನ ಉಗುರು ಮತ್ತು ನಡುಬೆರಳಿನ ತುದಿಯ ನಡುವೆ ಹಿಡಿದು ಇಡುವ ಕಾಯಿ ಕಾಯಾ ಮರಕ್ಕೆ ತಾಗಿದಾಗ ಬರುವ ಸದ್ದೇ ನೀವು ಕೇಳಿದ್ದು. ಅದು ಚೂಪಾಗಿರುವುದಿಲ್ಲ, ತುಂಬಿಕೊಂಡಿರುತ್ತದೆ.

ಪ್ರಶ್ನೆ: ಹೋನಿನ್‌ಬೋ ಪಂದ್ಯವನ್ನು ಚಿಕ್ಕದು ಮಾಡಿದರಂತೆ. ಆಟ ಬೇಗ ಮುಗಿದರೆ ಒಳ್ಳೆಯದೇ ಅಲ್ಲವೇ? (ಬೆಂಗಳೂರು)

ಉತ್ತರ: 2023ರವರೆಗೆ ಹೋನಿನ್‌ಬೋ ಏಳು ಆಟಗಳ ಸರಣಿ, ಎರಡು ದಿನ, ತಲಾ 8 ಗಂಟೆ. 11 ವರ್ಷ ಸತತವಾಗಿ ಪಟ್ಟ ಹಿಡಿದಿದ್ದ ಇಯಾಮಾ ಅವರನ್ನು ಇಚಿರಿಕಿ ರ್ಯೋ 4-3ರಿಂದ ಸೋಲಿಸಿದ್ದು ಆ ರೀತಿಯ ಕೊನೆಯ ಸರಣಿ. 2024ರಿಂದ ಐದು ಆಟ, ಒಂದೇ ದಿನ, ತಲಾ 3 ಗಂಟೆ. ಬಹುಮಾನ 2 ಕೋಟಿ 80 ಲಕ್ಷ ಯೆನ್ ಇದ್ದದ್ದು 85 ಲಕ್ಷಕ್ಕೆ ಇಳಿಯಿತು. ಸವಾಲುಗಾರರನ್ನು ಆರಿಸುತ್ತಿದ್ದ ಲೀಗೂ ಹೋಯಿತು. ಪತ್ರಿಕೆ ಕೊಳ್ಳುವವರು ಕಡಿಮೆಯಾಗುತ್ತಿರುವಾಗ ಪತ್ರಿಕೆಯ ಹಣದ ಮೇಲೆ ನಿಂತ ಪಟ್ಟ ಎಷ್ಟು ಕಾಲ ಹಾಗೇ ಇದ್ದೀತು?

ಹಣದ ಕಷ್ಟ ನಮಗೆ ಅರ್ಥವಾಗುತ್ತದೆ. ಆದರೂ ಇದು ನಷ್ಟವೇ. ಒಂದು ಆಟ ನೋಡಿ. 1978ರ ಕಿಸೇಯ್, ಐದನೇ ಆಟ. ಪಟ್ಟ ಫುಜಿಸಾವಾ ಶೂಕೋ ಅವರದು. ಕಾತೋ ಮಸಾವೊ 3-1 ಮುಂದಿದ್ದರು, ಇನ್ನೊಂದು ಗೆದ್ದರೆ ಮುಗಿಯಿತು. ಶೂಕೋ 93ನೇ ನಡೆಗೆ 2 ಗಂಟೆ 57 ನಿಮಿಷ ಯೋಚಿಸಿದರು. ಕಾತೋ ಅವರ ದೊಡ್ಡ ಗುಂಪೊಂದನ್ನು ಪೂರ್ತಿ ಕೊಲ್ಲಲು ಸಾಧ್ಯವೇ ಎಂದು ಕೊನೆಯವರೆಗೆ ಲೆಕ್ಕ ಹಾಕಿದರು. ನಂತರ ಆ ಕಾಯಿ ಇಟ್ಟರು, ಗುಂಪು ಸತ್ತಿತು, ಆಟ ಉಳಿಯಿತು, ಸರಣಿಯನ್ನೂ 4-3ರಿಂದ ಉಳಿಸಿಕೊಂಡರು. 3 ಗಂಟೆಯ ಆಟದಲ್ಲಿ ಅದೇ ನಡೆಗೆ ಅಷ್ಟೇ ಯೋಚಿಸಿದ್ದರೆ ಆಟದ ಉಳಿದ ಎಲ್ಲ ನಡೆಗಳಿಗೆ ಸೇರಿ ಅವರ ಬಳಿ ಇರುತ್ತಿದ್ದದ್ದು 3 ನಿಮಿಷ. ಅಂಥ ನಡೆಯನ್ನು ಯಾರೂ ಹುಡುಕಹೋಗುವುದಿಲ್ಲ, ಸುರಕ್ಷಿತವಾದದ್ದನ್ನು ಆಡುತ್ತಾರೆ. ಚಿಕ್ಕ ಆಟ ಕೆಟ್ಟದ್ದಲ್ಲ, ಓಝಾ, ತೆಂಗೆನ್, ಜೂದಾನ್ ಮೂರೂ 3 ಗಂಟೆಯವೇ. ಆದರೆ ಎರಡು ದಿನದ ಆಟದಲ್ಲಿ ಮಾತ್ರ ಹುಟ್ಟುವ ನಡೆಗಳಿವೆ. ಈಗ ಅವುಗಳಿಗೆ ಉಳಿದಿರುವುದು ಕಿಸೇಯ್ ಮತ್ತು ಮೇಯ್ಜಿನ್, ಎರಡೇ ಜಾಗ.

ಪ್ರಶ್ನೆ: ಇಲ್ಲಿಂದ ನೇರಪ್ರಸಾರ ನೋಡುವುದಾದರೆ ಯಾವ ಹೊತ್ತಿಗೆ ಕೂರಬೇಕು? ಪರದೆಯ ಮೇಲೆ ಕಾಣುವ ಶೇಕಡಾ ಲೆಕ್ಕವನ್ನು ನಂಬಬಹುದೇ? (ಮಂಗಳೂರು)

ಉತ್ತರ: ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 9ಕ್ಕೆ ಆರಂಭವಾದರೆ ಇಲ್ಲಿ 5.30. ಕಿಸೇಯ್ ನಡೆಯುವುದು ಜನವರಿಯಿಂದ ಮಾರ್ಚ್‌ವರೆಗೆ, ಮೇಯ್ಜಿನ್ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. ಎದ್ದೇಳಲು ಒಂದೇ ದಿನ ಆರಿಸಿಕೊಳ್ಳುವುದಾದರೆ ಎರಡನೇ ದಿನ ಏಳಿ. ಲಕೋಟೆ ಒಡೆಯುವುದನ್ನು ನೋಡಬಹುದು. ಕೊನೆಯ ಸೆಕೆಂಡುಗಳ ಓದು ಸಾಮಾನ್ಯವಾಗಿ ನಮ್ಮ ಮಧ್ಯಾಹ್ನದ ಊಟದ ನಂತರ ಬರುತ್ತದೆ.

ಪರದೆಯ ಮೇಲಿನ ಶೇಕಡಾ ಕಂಪ್ಯೂಟರ್ ಕೊಡುವ ಗೆಲುವಿನ ಸಾಧ್ಯತೆ. ಮುಂದಿನ ಪ್ರತಿ ನಡೆಯನ್ನೂ ಕಂಪ್ಯೂಟರೇ ಆಡಿದರೆ ಎಂಬ ಊಹೆ ಅದರಲ್ಲಿ ಅಡಗಿದೆ. ಆಟದ ಕೊನೆಯಲ್ಲಿ ಅರ್ಧ ಮನೆ ಮುಂದಿದ್ದರೂ ಅದು 95 ತೋರಿಸಬಹುದು. ಆಡುತ್ತಿರುವವರ ಕೈಯಲ್ಲಿ ಉಳಿದಿರುವುದು ಒಂದು ನಿಮಿಷ. ಅದಕ್ಕೇ ಶೇಕಡಾ ಜೊತೆಗೆ ಎಷ್ಟು ಮನೆಯ ವ್ಯತ್ಯಾಸವೆಂದು ತೋರಿಸುತ್ತಿದ್ದರೆ ಅದನ್ನು ನೋಡಿ, ಉಳಿದ ಸಮಯವನ್ನೂ ನೋಡಿ. ಇನ್ನೂ ಒಳ್ಳೆಯದು, ಪರದೆಯ ಮೇಲಿನ ಆ ಶೇಕಡಾ ಕಾಣದಂತೆ ಒಂದು ಕಾಗದದ ಚೂರು ಅಂಟಿಸಿ, ಮುಂದಿನ ನಡೆ ಎಲ್ಲಿ ಎಂದು ನೀವೇ ಮೊದಲು ಊಹಿಸಿ, ಆಮೇಲೆ ಕಾಗದ ತೆಗೆಯಿರಿ.